ಪಿರಮಿಡ್ ಬಿಡಿಸಲು ಬರುತ್ತದೆ, ಆದರೆ ಕಾಣುವುದಿಲ್ಲ

ಪ್ರಶ್ನೆ: ನಾನು ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಮೊದಲ ವರ್ಷದವರಿಗೆ ಡ್ರಾಯಿಂಗ್ ಕಲಿಸುತ್ತೇನೆ. ಕ್ಲಾಸಿನಲ್ಲಿ ಮಾಡಿ ತೋರಿಸಿದ ಲೆಕ್ಕಗಳನ್ನು ಮಕ್ಕಳು ಚೆನ್ನಾಗಿಯೇ ಮಾಡುತ್ತಾರೆ. ಅದೇ ಪಿರಮಿಡ್ಡನ್ನು ಸ್ವಲ್ಪ ಬೇರೆ ರೀತಿ ಮಲಗಿಸಿ ಕೇಳಿದರೆ ಕೈ ನಿಂತುಹೋಗುತ್ತದೆ. 'ಈ ಕಲ್ಪನೆ ಹುಟ್ಟಿನಿಂದಲೇ ಬರಬೇಕು, ಕೆಲವರಿಗೆ ಬರಲ್ಲ ಬಿಡಿ' ಎನ್ನುತ್ತಾರೆ ಹಿರಿಯ ಸಹೋದ್ಯೋಗಿಯೊಬ್ಬರು. ನಿಜವೇ? ಅಲ್ಲ ಎಂದಾದರೆ ಕಲಿಸುವುದು ಹೇಗೆ? ಇಂಟರ್ನಲ್ಸ್‌ನಲ್ಲಿ ಅದನ್ನು ಅಳೆಯುವುದು ಹೇಗೆ? ಇನ್ನೊಂದು ವಿಷಯ: ಎಲ್ಲವೂ ಕಂಪ್ಯೂಟರಿನಲ್ಲೇ ಆಗುತ್ತಿರುವುದರಿಂದ ಡ್ರಾಯಿಂಗ್ ಹಾಲ್ ಬಿಟ್ಟುಕೊಡಿ ಎಂದು ಆಡಳಿತ ಮಂಡಳಿ ಕೇಳುತ್ತಿದೆ. ಏನು ಹೇಳಲಿ?

ಉತ್ತರ: ಹುಟ್ಟಿನಿಂದ ಬರಬೇಕು ಅನ್ನುವ ಮಾತನ್ನು ಸದ್ಯ ಪಕ್ಕಕ್ಕಿಡಿ. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ನಿಮ್ಮ ಕ್ಲಾಸಿನಲ್ಲಿ ಏನು ನಡೆಯುತ್ತಿದೆ ನೋಡೋಣ.

ಪ್ರೊಜೆಕ್ಷನ್ ಆಫ್ ಸಾಲಿಡ್ಸ್‌ನ, ಅಂದರೆ ಘನವಸ್ತುಗಳ ನೋಟಗಳನ್ನು ಹಾಳೆಯ ಮೇಲೆ ಬಿಡಿಸುವ ಪಾಠದ, ಮಾಮೂಲಿ ಲೆಕ್ಕ ಒಂದನ್ನು ತೆಗೆದುಕೊಳ್ಳಿ. ಆರು ಮೂಲೆಯ ಪಾದದ ಪಿರಮಿಡ್. ಪಾದದ ಒಂದು ಅಂಚು ಎಚ್.ಪಿ. (ನೆಲದ ಹಾಗೆ ಮಲಗಿದ ಸಮತಲ) ಮೇಲೆ ಕೂತಿದೆ. ಆಕ್ಸಿಸ್, ಅಂದರೆ ತುದಿಯಿಂದ ಪಾದದ ನಡುವಿಗೆ ಹೋಗುವ ಗೆರೆ, ಎಚ್.ಪಿ.ಗೆ 45 ಡಿಗ್ರಿ ಓರೆ. ಕೂತಿರುವ ಅಂಚು ವಿ.ಪಿ.ಗೆ (ಗೋಡೆಯ ಹಾಗೆ ನಿಂತ ಸಮತಲ) 30 ಡಿಗ್ರಿ. ಇದನ್ನು ಮೂರು ಹಂತದಲ್ಲಿ ಮಾಡಿಸುತ್ತೇವೆ. ಮೊದಲು ಪಿರಮಿಡ್ ನೆಟ್ಟಗೆ ನಿಂತ ಹಾಗೆ ಟಾಪ್ ವ್ಯೂ, ಫ್ರಂಟ್ ವ್ಯೂ. ಆಮೇಲೆ ಫ್ರಂಟ್ ವ್ಯೂವನ್ನು ಓರೆ ಮಾಡಿ, ಅದರ ಬಿಂದುಗಳಿಂದ ಕೆಳಕ್ಕೆ ಗೆರೆ, ಹಳೆಯ ಟಾಪ್ ವ್ಯೂನಿಂದ ಅಡ್ಡಗೆರೆ, ಎರಡೂ ಕೂಡಿದಲ್ಲಿ ಹೊಸ ಟಾಪ್ ವ್ಯೂ. ಕೊನೆಗೆ ಆ ಟಾಪ್ ವ್ಯೂವನ್ನು ತಿರುಗಿಸಿ ಅದೇ ಕೆಲಸ ಮೇಲ್ಮುಖವಾಗಿ. ಎ ಎಲ್ಲಿಗೆ ಹೋಯಿತು, ಬಿ ಎಲ್ಲಿಗೆ ಹೋಯಿತು ಅಂತ ಹೆಸರು ಹಿಡಿದು ಹೋದರೆ ಸಾಕು, ಚಿತ್ರ ತಾನಾಗಿ ಬಂದು ನಿಲ್ಲುತ್ತದೆ. ಇಡೀ ಲೆಕ್ಕ ಮುಗಿಯುವವರೆಗೆ ಪಿರಮಿಡ್ ಒಮ್ಮೆಯೂ ಕಣ್ಣ ಮುಂದೆ ಬರಬೇಕಾಗಿಲ್ಲ.

ಕಣ್ಣು ಬೇಕಾಗುವುದು ಒಂದೇ ಕಡೆ. ಯಾವ ಅಂಚು ದಪ್ಪ ಗೆರೆ, ಯಾವುದು ಡಾಟೆಡ್ ಅನ್ನುವಲ್ಲಿ. ತಪ್ಪುಗಳೂ ಅಲ್ಲೇ ಗುಂಪು ಕಟ್ಟುತ್ತವೆ, ಗಮನಿಸಿದ್ದೀರಾ? ನಿಮ್ಮ ಹತ್ತಿರ ಇರುವ ಹಳೆಯ ಹಾಳೆಗಳನ್ನು ಒಮ್ಮೆ ತಿರುವಿ ಹಾಕಿ. ಬಿಂದುಗಳೆಲ್ಲ ಕರಾರುವಾಕ್ಕಾಗಿ ಬಿದ್ದಿರುತ್ತವೆ. ಆದರೆ ನಮ್ಮ ಕಡೆಗೆ ಮುಖ ಮಾಡಿರುವ ಅಂಚು ಡಾಟೆಡ್ ಆಗಿರುತ್ತದೆ, ಹಿಂದೆ ಅಡಗಿರುವುದು ದಪ್ಪಗಿರುತ್ತದೆ. ನಾವು ಅದಕ್ಕೆ ಅರ್ಧ ಅಂಕ ಕಳೆದು, ಪುಟ ತಿರುಗಿಸುತ್ತೇವೆ. ಆ ಅರ್ಧ ಅಂಕದ ತಪ್ಪೇ ಮಗುವಿನ ನಿಜವಾದ ಸ್ಥಿತಿ ಹೇಳುತ್ತಿತ್ತು. ಉಳಿದ ಒಂಬತ್ತೂವರೆ ಅಂಕ ಹೇಳಿದ್ದು ಅವನಿಗೆ ಹಂತಗಳು ಬಾಯಿಪಾಠ ಇವೆ ಅಂತ ಮಾತ್ರ.

ಹಾಗಾಗಿ ಪಿರಮಿಡ್ಡನ್ನು ಬೇರೆ ರೀತಿ ಮಲಗಿಸಿದಾಗ ಕೈ ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ. ನೋಡುವ ಕೆಲಸವನ್ನು ನಾವು ಕೊಟ್ಟೇ ಇಲ್ಲ, ಕಲಿತಿಲ್ಲ ಅಂತ ಈಗ ದೂರುತ್ತಿದ್ದೇವೆ.

ಈಗ ನಿಮ್ಮ ಸಹೋದ್ಯೋಗಿಯ ಮಾತಿಗೆ ಬರೋಣ. 1971ರಲ್ಲಿ ರೋಜರ್ ಶೆಪರ್ಡ್ ಮತ್ತು ಜ್ಯಾಕ್ವೆಲಿನ್ ಮೆಟ್ಜ್‌ಲರ್ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಹತ್ತು ಕ್ಯೂಬ್‌ಗಳನ್ನು ಅಂಟಿಸಿದ ಹಾಗಿರುವ ಸೊಟ್ಟ ಆಕೃತಿಗಳ ಎರಡೆರಡು ಚಿತ್ರ ತೋರಿಸಿ, ಎರಡೂ ಒಂದೇನಾ ಅಂತ ಕೇಳಿದರು. ಒಂದು ಚಿತ್ರ ಇನ್ನೊಂದಕ್ಕಿಂತ ಎಷ್ಟು ಡಿಗ್ರಿ ತಿರುಗಿದೆಯೋ ಅಷ್ಟಕ್ಕೆ ತಕ್ಕ ಹಾಗೆ ಉತ್ತರಕ್ಕೆ ಹಿಡಿಯುವ ಸಮಯ ಏರುತ್ತಾ ಹೋಯಿತು. ಗ್ರಾಫ್ ಹಾಕಿದರೆ ನೇರ ಗೆರೆ. ಅಂದರೆ ಜನ ತಲೆಯೊಳಗೆ ಆ ವಸ್ತುವನ್ನು ನಿಜವಾಗಿ ತಿರುಗಿಸಿ ನೋಡುತ್ತಿದ್ದರು, ಸೆಕೆಂಡಿಗೆ ಸುಮಾರು 60 ಡಿಗ್ರಿಯಂತೆ. ಇದು ಒಂದು ಕೆಲಸ. ಕೆಲಸ ಅಂದ ಮೇಲೆ ಮಾಡಿ ಮಾಡಿ ಕೈ ಪಳಗುತ್ತದೆ.

ಪಳಗುತ್ತದೆ ಅನ್ನುವುದಕ್ಕೂ ಪುರಾವೆ ಇದೆ. 2013ರಲ್ಲಿ ಡೇವಿಡ್ ಉಟ್ಟಲ್ ಮತ್ತು ಜೊತೆಗಾರರು ಇಂಥ ತರಬೇತಿಯ ಮೇಲೆ ನಡೆದ 217 ಅಧ್ಯಯನಗಳನ್ನು ಒಟ್ಟಿಗೆ ಹಾಕಿ ನೋಡಿದರು. ತರಬೇತಿಯಿಂದ ಸಾಮರ್ಥ್ಯ ಹೆಚ್ಚುತ್ತದೆ, ಸ್ವಲ್ಪ ಕಾಲ ಕಳೆದರೂ ಉಳಿಯುತ್ತದೆ, ಕಲಿಸಿದ್ದಕ್ಕಿಂತ ಬೇರೆ ಬಗೆಯ ಪ್ರಶ್ನೆಗಳಿಗೂ ಉಪಯೋಗಕ್ಕೆ ಬರುತ್ತದೆ ಅಂತ ಕಂಡುಬಂತು.

ನಮಗೆ ಇದಕ್ಕಿಂತ ಹತ್ತಿರದ ಉದಾಹರಣೆ ಶೆರಿಲ್ ಸೋರ್ಬಿ ಅವರದು. ಅಮೆರಿಕದ ಮಿಷಿಗನ್ ಟೆಕ್‌ನಲ್ಲಿ ನಮ್ಮ ಹಾಗೆಯೇ ಮೊದಲ ವರ್ಷದವರಿಗೆ ಗ್ರಾಫಿಕ್ಸ್ ಕಲಿಸುತ್ತಿದ್ದವರು. ವಿದ್ಯಾರ್ಥಿನಿಯಾಗಿದ್ದಾಗ ತಮಗೇ ಈ ವಿಷಯ ತುಂಬಾ ಕಷ್ಟವಾಗಿತ್ತು ಅಂತ ಹೇಳಿಕೊಂಡಿದ್ದಾರೆ. 1993ರಲ್ಲಿ ಅವರು ಮತ್ತು ಬೆವರ್ಲಿ ಬಾರ್ಟ್‌ಮನ್ಸ್ ಸೇರಿ, ಕಾಲೇಜಿಗೆ ಬಂದ ತಕ್ಷಣ ಮಕ್ಕಳಿಗೆ ಒಂದು ಟೆಸ್ಟ್ ಕೊಟ್ಟರು. ಪರ್ಡ್ಯೂ ಟೆಸ್ಟ್ ಅನ್ನುತ್ತಾರೆ. ಒಂದು ವಸ್ತು ಹೀಗೆ ತಿರುಗಿದರೆ ಇನ್ನೊಂದು ವಸ್ತು ಅದೇ ರೀತಿ ತಿರುಗಿದಾಗ ಹೇಗೆ ಕಾಣುತ್ತದೆ ಅಂತ ಕೇಳುವ 30 ಪ್ರಶ್ನೆಗಳು. ಶೇಕಡಾ 60 ದಾಟದವರಿಗೆ ಬೇರೆ ಕೋರ್ಸ್ ಮಾಡಿದರು. ಅದರಲ್ಲಿ ಮಾಡಿಸಿದ್ದೇನು ಗೊತ್ತಾ? ಕ್ಯೂಬ್ ಜೋಡಿಸಿ ಆಕೃತಿ ಕಟ್ಟುವುದು, ಅದನ್ನು ಕೈಯಲ್ಲಿ ಸ್ಕೆಚ್ ಮಾಡುವುದು, ತಿರುಗಿಸಿ ಮತ್ತೆ ಸ್ಕೆಚ್ ಮಾಡುವುದು. ಮುಖ್ಯವಾಗಿ ಇವೇ. ಅವರ ಟೆಸ್ಟ್ ಅಂಕಗಳು ಏರಿದವು. ಆ ಕೋರ್ಸ್ ಮಾಡಿದವರು ಮುಂದಿನ ವಿಷಯಗಳಲ್ಲೂ ಮೇಲಾದರು. ಎಂಜಿನಿಯರಿಂಗ್ ಬಿಟ್ಟುಹೋಗುವ ಹುಡುಗಿಯರ ಸಂಖ್ಯೆಯೂ ಇಳಿಯಿತು.

ಹುಡುಗಿಯರ ವಿಷಯ ಬಂದದ್ದರಿಂದ ಒಂದು ಮಾತು. ಇಂಥ ಟೆಸ್ಟ್‌ಗಳಲ್ಲಿ ಸರಾಸರಿ ತೆಗೆದರೆ ಹುಡುಗರು ಮುಂದಿರುವುದು ನಿಜ. ಟೈಮ್ ಬಿಗಿ ಮಾಡಿದಷ್ಟೂ ಆ ಅಂತರ ಜಾಸ್ತಿ ಕಾಣುತ್ತದೆ. ಚಿಕ್ಕಂದಿನಲ್ಲಿ ಸೈಕಲ್ ಬಿಚ್ಚಿ ಜೋಡಿಸಿದವರು ಯಾರು, ಬೇಡ ಅನ್ನಿಸಿಕೊಂಡವರು ಯಾರು ಅಂತ ಯೋಚಿಸಿ. ಅನುಭವದಿಂದ ಬಂದ ಅಂತರವನ್ನು ಅನುಭವ ಕೊಟ್ಟೇ ತುಂಬಬೇಕು. ಅಂದ ಹಾಗೆ, ಎರಡು ಚುಕ್ಕಿಯ ನಡುವಿನ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವ ಹಾಗೆ ಇಟ್ಟು ರಂಗೋಲಿ ಹಾಕುತ್ತಾರಲ್ಲ, ನಮ್ಮ ಐಸೊಮೆಟ್ರಿಕ್ (ವಸ್ತುವಿನ ಮೂರು ಬದಿ ಒಟ್ಟಿಗೆ ಕಾಣುವ ಚಿತ್ರ) ಬಿಡಿಸುವ ಚುಕ್ಕಿ ಹಾಳೆಯೂ ಅದೇ ಜೋಡಣೆ. ಬಾಗಿಲ ಮುಂದೆ ಅದನ್ನು ಕೈಯಳತೆಯಲ್ಲಿ ಹಾಕಿ ಬಂದ ಹುಡುಗಿಗೆ 'ನಿನಗೆ ಡ್ರಾಯಿಂಗ್ ಕಲ್ಪನೆ ಇಲ್ಲ' ಅನ್ನುವ ಮೊದಲು ನಾವು ಸ್ವಲ್ಪ ತಡೆಯಬೇಕು.

ಕಲಿಸುವ ವಿಷಯಕ್ಕೆ ಬಂದರೆ, ನನ್ನ ಸಲಹೆ ಒಂದೇ. ಕೈಗೆ ವಸ್ತು ಕೊಡಿ, ಆಮೇಲೆ ಪೆನ್ಸಿಲ್ ಕೊಡಿ, ಎಲ್ಲಕ್ಕಿಂತ ಕೊನೆಗೆ ಮೌಸ್ ಕೊಡಿ. ನಮ್ಮಲ್ಲಿ ಈ ಕ್ರಮ ತಿರುವುಮುರುವಾಗಿದೆ.

ಸೋಪಿನ ಪಾಠ ಒಂದನ್ನು ಹೇಳುತ್ತೇನೆ, ಇದನ್ನು ಖಂಡಿತ ಮಾಡಿ ನೋಡಿ. ಬಟ್ಟೆ ಸೋಪಿನ ಬಾರ್ ತಂದು ಕ್ಯೂಬ್ ಆಗಿ ಕತ್ತರಿಸಿಕೊಳ್ಳಿ. ನಾಲ್ಕು ಜನರಿಗೆ ಒಂದು ಸಾಕು. ಎದುರುಬದುರು ಇರುವ ಎರಡು ಮೂಲೆಗಳನ್ನು ಆರಿಸಿ. ಒಂದು ಮೇಲೆ ಮುಂದೆ ಬಲಕ್ಕಿದ್ದರೆ ಇನ್ನೊಂದು ಕೆಳಗೆ ಹಿಂದೆ ಎಡಕ್ಕೆ. ಕ್ಯೂಬ್‌ಗೆ 12 ಅಂಚು. ಈ ಮೂಲೆಗೆ ಮೂರು ಸೇರುತ್ತವೆ, ಆ ಮೂಲೆಗೆ ಮೂರು. ಎರಡನ್ನೂ ಮುಟ್ಟದ ಅಂಚುಗಳು ಆರು ಉಳಿಯುತ್ತವೆ. ಆ ಆರರ ನಡುಬಿಂದುವಿಗೂ ಪೆನ್ನಿನಲ್ಲಿ ಗುರುತು ಮಾಡಿಸಿ. ಈಗ ಕೇಳಿ: ಈ ಆರು ಗುರುತಿನ ಮೇಲೆ ಚಾಕು ಹೋದರೆ ಕತ್ತರಿಸಿದ ಮುಖ ಯಾವ ಆಕಾರ? ಕತ್ತರಿಸುವ ಮೊದಲು ಪ್ರತಿಯೊಬ್ಬರೂ ಪುಸ್ತಕದಲ್ಲಿ ಬರೆದಿರಬೇಕು. ಚೌಕ ಅನ್ನುವವರಿರುತ್ತಾರೆ, ತ್ರಿಕೋನ ಅನ್ನುವವರಿರುತ್ತಾರೆ. ಸುಮ್ನೆ ಪಕ್ಕದವನ ಪುಸ್ತಕ ನೋಡುವವರಂತೂ ಇದ್ದೇ ಇರುತ್ತಾರೆ. ಆಮೇಲೆ ಕತ್ತರಿಸಿ. ಅಚ್ಚುಕಟ್ಟಾದ ಷಡ್ಭುಜ, ಆರೂ ಬದಿ ಸಮ.

ಕ್ಲಾಸಿನಲ್ಲಿ ಗದ್ದಲ ಏಳುತ್ತದೆ, ಏಳಲಿ ಬಿಡಿ. ಅದು ಇಳಿಯುವ ಮೊದಲೇ ಮುಂದಿನ ಪ್ರಶ್ನೆ ಹಾಕಿ: ಏಳು ಬದಿಯ ಮುಖ ಬರುವ ಹಾಗೆ ಕತ್ತರಿಸಬಹುದಾ? ಸ್ವಲ್ಪ ಹೊತ್ತಿನಲ್ಲಿ ಯಾರಾದರೂ ಹೇಳುತ್ತಾರೆ, ಕ್ಯೂಬ್‌ಗೆ ಇರುವುದೇ ಆರು ಮುಖ, ಒಂದೊಂದು ಮುಖದಲ್ಲಿ ಚಾಕು ಒಂದು ಗೆರೆಗಿಂತ ಜಾಸ್ತಿ ಎಳೆಯಲಾರದು, ಅದಕ್ಕೇ ಆಗಲ್ಲ ಅಂತ. ಹಾಗೆ ಹೇಳಿದವನು ಸೆಕ್ಷನ್ ಅಂದರೆ ಏನು ಅಂತ ಕಲಿತ. ಸೆಕ್ಷನ್ ಪ್ಲೇನ್‌ನ ಗೆರೆ ಎಳೆದು, ಬಿಂದು ಇಳಿಸಿ, ಹ್ಯಾಚಿಂಗ್ ಹಾಕುವುದನ್ನು ಅವನಿಗೆ ಆಮೇಲೆ ಕಲಿಸುವುದು ಕಷ್ಟವೇ ಅಲ್ಲ.

ಈ ಪಾಠದಲ್ಲಿ ಸೋಪಿಗಿಂತ ಮುಖ್ಯವಾದದ್ದು ಮೊದಲೇ ಬರೆಯುವುದು. ಊಹಿಸು, ಬರೆ, ಆಮೇಲೆ ನೋಡು. ಊಹೆ ಇಲ್ಲದೆ ಸುಮ್ಮನೆ ಮಾಡೆಲ್ ತೋರಿಸಿದರೆ 'ಓ ಹೌದಾ ಸರ್' ಅಂದು ಮರೆತುಬಿಡುತ್ತಾರೆ. ಕಾಲೇಜಿನ ಗಾಜಿನ ಬೀರುವಿನಲ್ಲಿ ಮರದ ಮಾಡೆಲ್‌ಗಳು ವರ್ಷಗಟ್ಟಲೆ ಕೂತಿದ್ದರೂ ಯಾರಿಗೂ ಏನೂ ಕಲಿಸದೇ ಇರುವುದು ಇದಕ್ಕೇ.

ಎಚ್.ಪಿ., ವಿ.ಪಿ. ಕಲಿಸಲು ಒಂದು ರಟ್ಟನ್ನು ನಡುವೆ ಮಡಚಿದರೆ ಸಾಕು. ನೆಟ್ಟಗೆ ನಿಂತದ್ದು ವಿ.ಪಿ., ಮಲಗಿದ್ದು ಎಚ್.ಪಿ., ಮಡಿಕೆಯೇ ಎಕ್ಸ್‌-ವೈ ಲೈನ್. ಬೆಂಕಿಪೊಟ್ಟಣ ಇಟ್ಟು ಎರಡೂ ಕಡೆ ಅದರ ಗುರುತು ಹಾಕಿಸಿ. ಪೊಟ್ಟಣ ತೆಗೆದು, ಎಚ್.ಪಿ.ಯನ್ನು ಕೆಳಕ್ಕೆ ಇಳಿಸಿ ರಟ್ಟನ್ನು ಚಪ್ಪಟೆ ಮಾಡಿ. ಫಸ್ಟ್ ಆ್ಯಂಗಲ್ ಅನ್ನುವ ಜೋಡಣೆಯಲ್ಲಿ ಟಾಪ್ ವ್ಯೂ ಯಾಕೆ ಫ್ರಂಟ್ ವ್ಯೂನ ಕೆಳಗೆ ಬಂತು ಅನ್ನುವುದು ಕಣ್ಣಿಗೇ ಕಾಣುತ್ತದೆ. ಅದನ್ನು ನಿಯಮ ಅಂತ ಉರು ಹೊಡೆಯಬೇಕಾಗಿಲ್ಲ. ನಮ್ಮ ಬಿ.ಐ.ಎಸ್. (ಭಾರತೀಯ ಮಾನಕ ಬ್ಯೂರೊ) ಫಸ್ಟ್ ಆ್ಯಂಗಲ್ ಹಿಡಿದಿದೆ, ಅಮೆರಿಕದವರು ಟಾಪ್ ವ್ಯೂ ಮೇಲೆ ಬರುವ ಥರ್ಡ್ ಆ್ಯಂಗಲ್. ಪೀಣ್ಯದಂಥ ಕಡೆ ಮಷಿನ್ ಶಾಪಿಗೆ ಎರಡೂ ಬಗೆಯ ಡ್ರಾಯಿಂಗ್ ಬರುತ್ತವೆ. ಯಾವ ಆ್ಯಂಗಲ್ ಅಂತ ಹೇಳುವ, ಡ್ರಾಯಿಂಗಿನ ಮೂಲೆಯಲ್ಲಿರುವ ಆ ಚಿಕ್ಕ ಕೋನ್ ಗುರುತನ್ನು ನೋಡದೆ ಕೆಲಸ ಶುರು ಮಾಡಿದರೆ ಎಡಗಡೆಯ ರಂಧ್ರ ಬಲಗಡೆ ಬೀಳುತ್ತದೆ, ಮಾಲು ಗುಜರಿಗೆ ಹೋಗುತ್ತದೆ. ಮಕ್ಕಳಿಗೆ ಇದನ್ನು ಹೇಳಿ, ಕಿವಿ ನೆಟ್ಟಗಾಗುತ್ತದೆ.

ಈ ವಿದ್ಯೆ ಹುಟ್ಟಿದ ಕಥೆಯನ್ನೂ ಹೇಳಬಹುದು. 1760ರ ದಶಕದಲ್ಲಿ ಫ್ರಾನ್ಸಿನ ಮೆಜಿಯೇರ್ ಮಿಲಿಟರಿ ಶಾಲೆಯಲ್ಲಿದ್ದ ಗಾಸ್ಪಾರ್ ಮೊಂಜ್ ಎಂಬ ಹುಡುಗನಿಗೆ ಕೋಟೆಯ ಲೆಕ್ಕ ಕೊಟ್ಟರು. ಶತ್ರುವಿನ ಗುಂಡು ತಾಗದ ಹಾಗೆ ಗೋಡೆ ಎಷ್ಟು ಎತ್ತರ ಬೇಕು? ಉದ್ದುದ್ದ ಗಣಿತ ಮಾಡಿ ತೆಗೆಯುತ್ತಿದ್ದ ಉತ್ತರವನ್ನು ಅವನು ಗೆರೆ ಎಳೆದೇ ತೆಗೆದ. ಇಷ್ಟು ಬೇಗ ಹೇಗೆ ಆಯಿತು ಅಂತ ಅಧಿಕಾರಿಗಳು ಮೊದಲು ನಂಬಲಿಲ್ಲ. ನಂಬಿದ ಮೇಲೆ ಅದನ್ನು ಮಿಲಿಟರಿ ಗುಟ್ಟಾಗಿ ಇಟ್ಟರು. ಅದು ಹೊರಗೆ ಬಂದದ್ದು 1790ರ ದಶಕದಲ್ಲಿ, ಫ್ರೆಂಚ್ ಕ್ರಾಂತಿಯ ನಂತರ.

ಸ್ಕೆಚ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಸ್ಕೇಲ್ ಇಲ್ಲದೆ, ಅಳತೆ ಇಲ್ಲದೆ, ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ. ಒಂದು ದಿನ ಡಸ್ಟರ್, ಒಂದು ದಿನ ಬಾಗಿಲ ಚಿಲಕ, ಒಂದು ದಿನ ಮೂರು ಪಿನ್ನಿನ ಪ್ಲಗ್. ಮೂರು ವ್ಯೂ ಮತ್ತು ಒಂದು ಐಸೊಮೆಟ್ರಿಕ್. ಗೆರೆ ಸೊಟ್ಟ ಆದರೆ ಬೈಯಬೇಡಿ, ಅಂಚು ಬಿಟ್ಟುಹೋದರೆ ಬಿಡಬೇಡಿ.

ಇನ್ನು ಕಂಪ್ಯೂಟರ್. ವಿ.ಟಿ.ಯು. (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮಿನಲ್ಲಿ ಈ ವಿಷಯದ ಹೆಸರೇ ಕಂಪ್ಯೂಟರ್ ಏಡೆಡ್ ಎಂಜಿನಿಯರಿಂಗ್ ಡ್ರಾಯಿಂಗ್. ಆದರೆ ಬಹಳ ಕಡೆ ನಡೆಯುವುದೇನು? ಸಾಲಿಡ್ ಎಡ್ಜ್ ಅನ್ನುವ ಡ್ರಾಯಿಂಗ್ ಸಾಫ್ಟ್‌ವೇರ್ ತೆಗೆದು, ಡ್ರಾಫ್ಟ್ ಶೀಟಿನಲ್ಲಿ ಅದೇ ಹಳೆಯ ಮೂರು ಹಂತ. ಫ್ರಂಟ್ ವ್ಯೂ ಕಾಪಿ ಮಾಡು, ರೊಟೇಟ್ ಮಾಡು, ಪ್ರೊಜೆಕ್ಷನ್ ಗೆರೆ ಎಳೆ. ಬೋರ್ಡಿನ ಮೇಲೆ ಗೆರೆ ಎಳೆಯುವ ಡ್ರಾಫ್ಟರ್ ಹೋಗಿ ಮೌಸ್ ಬಂತು. ಬಾಯಿಪಾಠ ಹಾಗೇ ಉಳಿಯಿತು, ಇನ್ನೂ ವೇಗವಾಯಿತು. ಇದರ ಜೊತೆಗೆ ಆ ಪಿರಮಿಡ್ಡನ್ನು ಸಾಲಿಡ್ ಮಾಡೆಲ್ ಆಗಿಯೂ ಕಟ್ಟಿಸಿ. ಮೊದಲು ಕೈಯಲ್ಲಿ ಊಹಿಸಿದ ಚಿತ್ರ ಸ್ಕೆಚ್ ಬುಕ್ಕಿನಲ್ಲಿ ಇರಬೇಕು. ಆಮೇಲೆ ಪರದೆಯ ಮೇಲೆ ಮಾಡೆಲ್ ತಿರುಗಿಸಿ ತಾಳೆ ನೋಡಲಿ. ಎಲ್ಲಿ ತಪ್ಪಿದೆಯೋ ಅಲ್ಲಿ ಕೆಂಪು ಪೆನ್ನಿನಲ್ಲಿ ಅವರೇ ತಿದ್ದಲಿ. ಊಹೆ ಇಲ್ಲದೆ ಮೌಸ್ ಹಿಡಿದು ಗಿರಗಿರ ತಿರುಗಿಸಿದರೆ ತಿರುಗಿಸುವ ಕೆಲಸ ಕಂಪ್ಯೂಟರ್ ಮಾಡಿತು, ಮಗುವಿನ ತಲೆ ಮಾಡಲಿಲ್ಲ.

ಅಳೆಯುವ ವಿಷಯ. ಯೂನಿವರ್ಸಿಟಿ ಪರೀಕ್ಷೆಯ 50 ಅಂಕ ನಿಮ್ಮ ಕೈಯಲ್ಲಿಲ್ಲ. ಅದಕ್ಕೆ ಮಕ್ಕಳನ್ನು ತಯಾರು ಮಾಡಲೇಬೇಕು, ಮೂರು ಹಂತ ಬರಲೇಬೇಕು. ಇಂಟರ್ನಲ್ಸ್‌ನ 50ರಲ್ಲಿ ಮಾತ್ರ ನಿಮಗೆ ಜಾಗ ಇದೆ. ಅದರಲ್ಲೂ ಕಾಲೇಜಿನ ಒಂದು ಮಾದರಿ ಇರುತ್ತದೆ, ನನಗೆ ಗೊತ್ತು. ಆದರೂ ಒಳಗೆ ತೂರಿಸಬಹುದಾದ ಪ್ರಶ್ನೆಗಳಿವೆ.

ನನಗೆ ತುಂಬಾ ಇಷ್ಟವಾದದ್ದು ಇದು. ಒಂದು ವಸ್ತುವಿನ ಫ್ರಂಟ್ ವ್ಯೂ ಬರೀ ಚೌಕ. ಟಾಪ್ ವ್ಯೂ ಕೂಡ ಬರೀ ಚೌಕ. ಒಳಗೆ ಒಂದು ಗೆರೆಯೂ ಇಲ್ಲ, ಡಾಟೆಡ್ಡೂ ಇಲ್ಲ. ಸೈಡ್ ವ್ಯೂ ಏನಿರಬಹುದು? ಕ್ಯೂಬ್, ಚೌಕ ಅಂತ ಎಲ್ಲರೂ ಬರೆಯುತ್ತಾರೆ. ಇನ್ನೊಂದು ಕೊಡಿ ಅನ್ನಿ. ಸ್ವಲ್ಪ ಹೊತ್ತು ಮೌನ. ಆಮೇಲೆ ಒಬ್ಬರು ತ್ರಿಕೋನ ತರುತ್ತಾರೆ: ಮುಂದೆ ಕೆಳಗಿನಿಂದ ಹಿಂದೆ ಮೇಲಕ್ಕೆ ಏರುವ ಇಳಿಜಾರು. ಮುಂದಿನಿಂದ ನೋಡಿದರೂ ಆ ಇಳಿಜಾರೇ ಚೌಕವಾಗಿ ಕಾಣುತ್ತದೆ, ಮೇಲಿನಿಂದ ನೋಡಿದರೂ ಅದೇ. ಇನ್ನೊಬ್ಬರು ಇಳಿಜಾರಿನ ಬದಲು ಕಾಲು ವೃತ್ತದ ಉಬ್ಬು ತರುತ್ತಾರೆ. ಅದೂ ಸರಿ. ಒಳಕ್ಕೆ ತಗ್ಗಿದ ಕಾಲು ವೃತ್ತವೂ ಸರಿ. ಉತ್ತರಕ್ಕೆ ಕೊನೆಯೇ ಇಲ್ಲ. ಚೌಕಕ್ಕೆ ಒಂದು ಅಂಕ, ಅದಲ್ಲದ ಪ್ರತಿ ಸರಿಯುತ್ತರಕ್ಕೆ ಎರಡೆರಡು ಅಂತ ಕೊಟ್ಟು ನೋಡಿ. ಇದನ್ನು ಯಾವ ಗೈಡ್ ನೋಡಿಯೂ ಉರು ಹೊಡೆಯಲು ಆಗಲ್ಲ, ಪಕ್ಕದವನದ್ದನ್ನು ನಕಲು ಮಾಡಿದರೆ ಗೊತ್ತಾಗಿಬಿಡುತ್ತದೆ.

ಡೆವಲಪ್‌ಮೆಂಟ್ ಪಾಠಕ್ಕೆ, ಅಂದರೆ ವಸ್ತುವಿನ ಮೈಯನ್ನು ಬಿಚ್ಚಿ ಚಪ್ಪಟೆಯಾಗಿ ಹರಡುವ ಪಾಠಕ್ಕೆ, ಕ್ಯೂಬ್ ಬಿಚ್ಚುವ ಪ್ರಶ್ನೆ ಇದೆ. ಆರು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ 35 ಬಗೆಯಲ್ಲಿ ಜೋಡಿಸಬಹುದು. ಅವುಗಳಲ್ಲಿ ಮಡಚಿದರೆ ಕ್ಯೂಬ್ ಆಗುವುದು 11 ಮಾತ್ರ. ನಾಲ್ಕೈದು ಜೋಡಣೆ ಕೊಟ್ಟು ಯಾವುದು ಆಗುತ್ತದೆ, ಆಗದಿದ್ದರೆ ಯಾವ ಎರಡು ಚೌಕ ಒಂದರ ಮೇಲೊಂದು ಬೀಳುತ್ತವೆ ಅಂತ ಕೇಳಿ. ಎರಡನೆಯ ಭಾಗ ಮುಖ್ಯ. ಹೌದು, ಇಲ್ಲ ಅಂತ ಊಹೆಯ ಮೇಲೂ ಗುರುತು ಹಾಕಬಹುದಲ್ವಾ?

ತಪ್ಪು ಹುಡುಕುವ ಪ್ರಶ್ನೆಯೂ ಒಳ್ಳೆಯದು. ಮುಗಿದ ಡ್ರಾಯಿಂಗ್ ಕೊಡಿ. ಒಂದು ಡಾಟೆಡ್ ಗೆರೆ ಬಿಟ್ಟಿರಬೇಕು, ಅಂಚೇ ಇಲ್ಲದ ಕಡೆ ಒಂದು ಗೆರೆ ಇರಬೇಕು. ಕೆಲಸಕ್ಕೆ ಸೇರಿದ ಮೇಲೆ ಅವರು ದಿನಾ ಮಾಡುವುದು ಇದನ್ನೇ, ಇನ್ನೊಬ್ಬರ ಡ್ರಾಯಿಂಗ್ ಓದಿ ತಪ್ಪು ಹಿಡಿಯುವುದು.

ಐಸೊಮೆಟ್ರಿಕ್ ಪ್ರೊಜೆಕ್ಷನ್‌ನಲ್ಲಿ ಕ್ಯೂಬ್ ಮೇಲೆ ಗೋಳ ಕೂತಿರುವ ಲೆಕ್ಕ ಇರುತ್ತದಲ್ಲ, ಅಲ್ಲಿ ಒಂದು ಬಾಯಿಪ್ರಶ್ನೆ ಇಡಿ. ಎಲ್ಲ ಅಳತೆಗಳನ್ನೂ ಐಸೊಮೆಟ್ರಿಕ್ ಸ್ಕೇಲಿಗೆ, ಅಂದರೆ 0.816 ಪಾಲಿಗೆ ಇಳಿಸಿದೆ. ಗೋಳದ ವೃತ್ತಕ್ಕೆ ಮಾತ್ರ ಯಾಕೆ ಪೂರ್ತಿ ರೇಡಿಯಸ್? ಗೋಳವನ್ನು ಯಾವ ಕಡೆಯಿಂದ ನೋಡಿದರೂ ಅದರ ಹೊರರೇಖೆ ಅಷ್ಟೇ ದೊಡ್ಡ ವೃತ್ತ. ಆದರೆ ಗೋಳದ ಕೇಂದ್ರ ಕ್ಯೂಬ್‌ನಿಂದ ಎಷ್ಟು ಎತ್ತರ ಅನ್ನುವುದು ಉದ್ದದ ಅಳತೆ, ಅದು ಇಳಿಯಲೇಬೇಕು. ಅದಕ್ಕೇ ಚಿತ್ರದಲ್ಲಿ ಗೋಳ ಕ್ಯೂಬ್‌ನೊಳಗೆ ಸ್ವಲ್ಪ ಮುಳುಗಿದ ಹಾಗೆ ಕಾಣುತ್ತದೆ. ಬುದ್ಧಿವಂತ ಮಕ್ಕಳೇ ಇದನ್ನು ತಪ್ಪು ಅಂದುಕೊಂಡು ಅಳಿಸಿ 'ಸರಿ' ಮಾಡುತ್ತಾರೆ. ಕಾರಣ ಹೇಳಿದವರಿಗೆ ಅಂಕ ಕೊಡಿ, ಬರೀ ಸರಿಯಾಗಿ ಬಿಡಿಸಿದವರಿಗಿಂತ ಜಾಸ್ತಿಯೇ ಕೊಡಿ.

ಇನ್ನೊಂದು ಇದೆ, ಇದನ್ನು ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿರುವ ಕ್ಲಾಸಿನಲ್ಲಿ ಮರೆಯಬೇಡಿ. ನಮ್ಮ ಲೆಕ್ಕದ ವಾಕ್ಯಗಳು ನಾಲ್ಕು ಸಾಲು ಉದ್ದದ ಇಂಗ್ಲಿಷ್. ಯಾವ ಅಂಚು ಯಾವುದರ ಮೇಲೆ, ಯಾವ ಕೋನ ಯಾವುದಕ್ಕೆ, ಅಪೆಕ್ಸ್ (ಪಿರಮಿಡ್ಡಿನ ತುದಿ) ವಿ.ಪಿ.ಗೆ ಹತ್ತಿರವೋ ದೂರವೋ, ಎಲ್ಲ ಒಂದರೊಳಗೊಂದು ಸಿಕ್ಕಿಹಾಕಿಕೊಂಡಿರುತ್ತದೆ. ವಾಕ್ಯ ಅರ್ಥವಾಗದೆ ನಿಂತವನಿಗೂ ವಸ್ತು ಕಾಣದೆ ನಿಂತವನಿಗೂ ನಾವು ಒಂದೇ ಸೊನ್ನೆ ಕೊಡುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ವೈವಾದಲ್ಲಿ ಹೀಗೆ ಮಾಡಿ. ರಟ್ಟಿನ ಪಿರಮಿಡ್ ಕೈಗೆ ಕೊಡಿ. ಪ್ರಶ್ನೆ ಓದಿ ಹೇಳಿ, ಮೇಜಿನ ಮೇಲೆ ಅದೇ ಸ್ಥಿತಿಯಲ್ಲಿ ಹಿಡಿದು ತೋರಿಸಲಿ. ತಪ್ಪಿದರೆ ಅದನ್ನೇ ಕನ್ನಡದಲ್ಲಿ ಹೇಳಿ. ಆಗ ಸರಿಯಾಗಿ ಹಿಡಿದರೆ ತೊಂದರೆ ಇಂಗ್ಲಿಷ್ ವಾಕ್ಯದ್ದು. ಅವನಿಗೆ ವಾಕ್ಯ ಬಿಡಿಸುವುದನ್ನು ಕಲಿಸಿ. ಕನ್ನಡದಲ್ಲೂ ತಪ್ಪಿದರೆ ಸೋಪು, ರಟ್ಟು, ಸ್ಕೆಚ್ಚಿಗೆ ಕಳಿಸಿ. ಒಬ್ಬರಿಗೆ ಹೆಚ್ಚೆಂದರೆ ಎರಡು ನಿಮಿಷ ಹಿಡಿಯುತ್ತದೆ, ನಾಲ್ಕು ಪುಟದ ಉತ್ತರ ಹೇಳದ್ದನ್ನು ಹೇಳುತ್ತದೆ.

ಮಾಮೂಲಿ ಲೆಕ್ಕಕ್ಕೆ ಅಂಕ ಹಂಚುವಾಗಲೂ ಒಂದು ಬದಲಾವಣೆ ಮಾಡಬಹುದು. ಹತ್ತು ಅಂಕದಲ್ಲಿ ಎರಡು, ಲೆಕ್ಕ ಶುರು ಮಾಡುವ ಮೊದಲು ಮೂಲೆಯಲ್ಲಿ ಬಿಡಿಸಿದ ಕೈ ಸ್ಕೆಚ್ಚಿಗೆ. ವಸ್ತು ಹೇಗೆ ಕೂತಿದೆ ಅಂತ ತೋರಿಸುವ ಒರಟು ಚಿತ್ರ ಸಾಕು. ಎರಡು, ದಪ್ಪ ಮತ್ತು ಡಾಟೆಡ್ ಗೆರೆ ಎಲ್ಲವೂ ಸರಿ ಇದ್ದರೆ. ಉಳಿದ ಆರು ಹಂತಗಳಿಗೆ, ಅಳತೆಗೆ, ಗೆರೆಯ ಶುಚಿಗೆ. ಟೈಟಲ್ ಬ್ಲಾಕಿನ ಅಕ್ಷರ ದುಂಡಗಿದೆಯಾ ಅಂತ ನೋಡಿ ಅಂಕ ಹಾಕುವ ಪದ್ಧತಿ ಕೆಲವು ಕಡೆ ಇನ್ನೂ ಇದೆ. ನನ್ನ ಮಟ್ಟಿಗೆ ಅದನ್ನು ಕೈಬಿಡಬಹುದು. ಯು.ಎಸ್.ಎನ್.ನ (ವಿದ್ಯಾರ್ಥಿಯ ಯೂನಿವರ್ಸಿಟಿ ನಂಬರು) ಕೊನೆಯ ಅಂಕೆಗೆ 30 ಸೇರಿಸಿ ಅದನ್ನೇ ಕೋನ ಮಾಡಿಕೊಳ್ಳಿ ಅಂತ ಕೊಟ್ಟು ಕಾಪಿ ತಡೆಯುವವರಿದ್ದಾರೆ. ಕಾಪಿ ತಪ್ಪುತ್ತದೆ ನಿಜ, ಆದರೆ ಬಾಯಿಪಾಠ ತಪ್ಪುವುದಿಲ್ಲ. ಕೋನದ ಬದಲು ಕೂರುವ ಭಂಗಿ ಬದಲಿಸಿ. ಒಬ್ಬರಿಗೆ ಅಂಚಿನ ಮೇಲೆ, ಒಬ್ಬರಿಗೆ ಮೂಲೆಯ ಮೇಲೆ, ಇನ್ನೊಬ್ಬರಿಗೆ ಓರೆ ಮುಖದ ಮೇಲೆ.

ಪರ್ಡ್ಯೂ ಟೆಸ್ಟ್, ಅಥವಾ 1939ರಿಂದ ಬಳಕೆಯಲ್ಲಿರುವ, ಕತ್ತರಿಸಿದ ಮುಖದ ಆಕಾರ ಊಹಿಸುವ 25 ಪ್ರಶ್ನೆಗಳ ಮೆಂಟಲ್ ಕಟಿಂಗ್ ಟೆಸ್ಟ್ ಕೊಡಬಹುದಾ ಅಂತ ನೀವು ಮುಂದೆ ಕೇಳಬಹುದು. ಕೊಡಬಹುದು. ಸೆಮಿಸ್ಟರ್ ಶುರುವಿಗೆ ಒಮ್ಮೆ, ಕೊನೆಗೆ ಒಮ್ಮೆ. ಆದರೆ ಅದಕ್ಕೆ ಅಂಕ ಇಡಬೇಡಿ. ಅಂಕ ಇಟ್ಟ ದಿನವೇ ಉತ್ತರಗಳು ವಾಟ್ಸಾಪ್ ಗ್ರೂಪಿಗೆ ಬರುತ್ತವೆ, ಮುಂದಿನ ಬ್ಯಾಚಿಗೆ ಅದು ಸತ್ತ ಟೆಸ್ಟ್. ಯಾರಿಗೆ ಸಹಾಯ ಬೇಕು ಅಂತ ಗುರುತಿಸಲು ಮಾತ್ರ ಬಳಸಿ. ಹಾಗೆ ಗುರುತಿಸಿದವರನ್ನು ವೀಕ್ ಸ್ಟೂಡೆಂಟ್ಸ್ ಅಂತ ನೋಟಿಸ್ ಬೋರ್ಡಿಗೆ ಹಾಕಬೇಡಿ. ಮಾಡೆಲ್ ಕ್ಲಾಸ್ ಅಂತಲೋ ಏನೋ ಒಂದು ಹೆಸರಿಟ್ಟು ಬೇರೆಯವರಿಗೂ ಬಾಗಿಲು ತೆರೆದಿಡಿ. ಕುತೂಹಲಕ್ಕೆ ಬರುವ ಜಾಣರು ಒಂದಿಬ್ಬರು ಇದ್ದರೆ ಬಂದವರಿಗೂ ಮುಜುಗರ ಇರುವುದಿಲ್ಲ.

ಕಂಪ್ಯೂಟರ್ ಸೈನ್ಸ್ ಮಕ್ಕಳು 'ನಮಗೆ ಇದೆಲ್ಲ ಯಾಕೆ ಸರ್' ಅನ್ನುತ್ತಾರಲ್ಲ, ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಮೂಲೆಯ ಮೇಲೆ ನಿಂತ ಪಿರಮಿಡ್ಡನ್ನು ಅವರು ಜೀವನದಲ್ಲಿ ಮತ್ತೆ ಬಿಡಿಸುವುದಿಲ್ಲ. ಆದರೆ ಗೇಮ್‌ನಲ್ಲಿ ಕ್ಯಾಮೆರಾ ತಿರುಗಿಸುವ ಕೋಡ್, ರೋಬೋ ಕೈಯ ಚಲನೆ, ಸಿ.ಟಿ. ಸ್ಕ್ಯಾನ್‌ನ ಪದರಗಳಿಂದ ಅಂಗದ ಆಕಾರ ಕಟ್ಟುವುದು, ಇವೆಲ್ಲ ಸೋಪಿನ ಕ್ಯೂಬ್‌ನ ದಾಯಾದಿಗಳೇ.

ಕೊನೆಯದು, ಡ್ರಾಯಿಂಗ್ ಹಾಲ್. ಬೋರ್ಡು, ಟೀ-ಸ್ಕ್ವೇರ್, ಮಿನಿ ಡ್ರಾಫ್ಟರ್‌ಗಳಿಗಾಗಿ ಜಗಳ ಮಾಡಬೇಡಿ. ಅವುಗಳ ಕಾಲ ಮುಗಿಯಿತು, ಕೊಟ್ಟುಬಿಡಿ. ಕೇಳಬೇಕಾದದ್ದು ಮಾನಿಟರ್ ಇಲ್ಲದ ಅಗಲವಾದ ಮೇಜುಗಳಿರುವ ಒಂದು ಕೋಣೆ. ಅಲ್ಲಿ ನಾಲ್ಕು ಜನ ಸುತ್ತ ಕೂತು ಒಂದು ವಸ್ತುವನ್ನು ನಾಲ್ಕು ಕಡೆಯಿಂದ ನೋಡಬೇಕು. ಸೋಪಿನ ಪುಡಿ, ರಟ್ಟಿನ ಚೂರು ಬಿದ್ದರೆ ಯಾರೂ ಬೈಯಬಾರದು. ಲ್ಯಾಬಿನಲ್ಲಿ ಕೀಬೋರ್ಡ್ ಪಕ್ಕ ಇದು ಆಗದ ಕೆಲಸ. ಆಡಳಿತ ಮಂಡಳಿಯವರು ಕಾರಣ ಕೇಳಿದರೆ ಒಂದು ಬ್ಯಾಚಿನ ಟೆಸ್ಟ್ ಫಲಿತಾಂಶವನ್ನು ಮುಂದಿಡಿ, ಶುರುವಿನದು ಮತ್ತು ಕೊನೆಯದು. ಅಷ್ಟಾದ ಮೇಲೂ ಪೂರ್ತಿ ಹಾಲ್ ಸಿಗದಿದ್ದರೆ ಅರ್ಧಕ್ಕೆ ಒಪ್ಪಿಕೊಳ್ಳಿ. ಬ್ಯಾಚ್ ಎರಡು ಮಾಡಿಕೊಂಡರೆ ಒಂದು ಲ್ಯಾಬಿನಲ್ಲಿರುವಾಗ ಇನ್ನೊಂದು ಮೇಜಿನಲ್ಲಿ ಕೂರಬಹುದು.